ಸಿಗ್ನಲ್ ವೃತ್ತದಲ್ಲಿ ಯೂ ಟರ್ನ್: ಹಸಿರು ಬಾಣ ಎಷ್ಟು ದಾರಿ ಕೊಡುತ್ತದೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಯೂ ಟರ್ನ್ ಕುರಿತಾಗಿಯೇ ಇದ್ದುದರಿಂದ, ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಓದುಗರು ತಿಳಿಸಿರುವ ವೃತ್ತಗಳ ಹೆಸರನ್ನು ಕೈಬಿಟ್ಟಿದ್ದೇವೆ. ಪತ್ರ ಅಚ್ಚಾಗಿ ಮನೆ ತಲುಪುವಷ್ಟರಲ್ಲಿ ಅಲ್ಲಿನ ಫಲಕ, ಬ್ಯಾರಿಕೇಡ್ ಮತ್ತು ತಿರುವಿನ ವ್ಯವಸ್ಥೆ ಬದಲಾಗಿರುವುದು ಬೆಂಗಳೂರಿನಲ್ಲಿ ಹೊಸತೇನಲ್ಲ.

ಪ್ರಶ್ನೆ: ಸಿಗ್ನಲ್‌ನಲ್ಲಿ ಬಲ ತಿರುವಿನ ಹಸಿರು ಬಾಣ ಬಂದ ಮೇಲೆಯೇ ನಾನು ಕಾರನ್ನು ಯೂ ಟರ್ನ್ ತೆಗೆದುಕೊಂಡೆ. ಯೂ ಟರ್ನ್ ನಿಷೇಧಿಸುವ ಫಲಕ ಅಲ್ಲಿರಲಿಲ್ಲ. ಅದೇ ಹೊತ್ತಿಗೆ ಬಲಭಾಗದ ಅಡ್ಡರಸ್ತೆಯಿಂದ ಎಡಕ್ಕೆ ತಿರುಗಿಕೊಂಡು ಬಂದ ಆಟೊ ನನ್ನ ಕಾರಿನ ಎಡಬದಿಯನ್ನು ಉಜ್ಜಿಕೊಂಡು ನಿಂತಿತು. ‘ನನ್ನದು ಫ್ರೀ ಲೆಫ್ಟ್, ನೀವು ನೋಡಿಕೊಂಡು ಬರಬೇಕಿತ್ತು’ ಎಂದು ಆಟೊ ಚಾಲಕರು ಹೇಳಿದರು. ನನಗೆ ಹಸಿರು ಇತ್ತೆಂಬುದು ನನ್ನ ವಾದ. ಯಾರದು ಸರಿ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ನೀವು ತಿರುಗಿದ್ದರಲ್ಲಿ ನಿಯಮಭಂಗ ಕಾಣುವುದಿಲ್ಲ. ಆಟೊ ಚಾಲಕರ ತಪ್ಪು ನಿಮ್ಮದಕ್ಕಿಂತ ದೊಡ್ಡದು. ಆದರೂ ‘ನನಗೆ ಹಸಿರು ಇತ್ತು’ ಎಂಬ ಒಂದು ಮಾತಿನಿಂದ ನಿಮ್ಮ ಹೊಣೆ ಮುಗಿದುಹೋಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೋಟಾರು ವಾಹನ ಕಾಯ್ದೆ, 1988ರ 118ನೇ ಕಲಮಿನಡಿ ಕೇಂದ್ರ ಸರ್ಕಾರ 2017ರಲ್ಲಿ ಚಾಲನಾ ನಿಯಮಾವಳಿಯನ್ನು ಹೊರಡಿಸಿತು. ಅದಕ್ಕೂ ಮೊದಲು ಜಾರಿಯಲ್ಲಿದ್ದ 1989ರ ರಸ್ತೆ ನಿಯಮಗಳಲ್ಲಿಯೂ ಯೂ ಟರ್ನ್ ಬಗ್ಗೆ ಖಚಿತವಾದ ಮಾತಿತ್ತು: ನಿಷೇಧವಿರುವ ಕಡೆ ಮತ್ತು ವಾಹನ ದಟ್ಟಣೆಯ ರಸ್ತೆಯಲ್ಲಿ ಯೂ ಟರ್ನ್ ಮಾಡುವಂತಿಲ್ಲ, ಅವಕಾಶವಿರುವ ಕಡೆ ಬಲಕ್ಕೆ ತಿರುಗುವ ಸಂಜ್ಞೆ ಕೊಟ್ಟು, ಕನ್ನಡಿಯಲ್ಲಿ ಹಿಂದೆ ನೋಡಿ, ಸುರಕ್ಷಿತವೆಂದು ಖಾತ್ರಿಯಾದ ಮೇಲೆ ತಿರುಗಬೇಕು. ಸುರಕ್ಷಿತವೋ ಅಲ್ಲವೋ ಎಂಬುದನ್ನು ನೋಡಿಕೊಳ್ಳುವ ಹೊಣೆಯನ್ನು ನಿಯಮ ಹೊರಿಸಿರುವುದು ತಿರುಗುವವರ ಮೇಲೆ, ಎದುರಿನಿಂದಲೋ ಪಕ್ಕದಿಂದಲೋ ಬರುವವರ ಮೇಲಲ್ಲ. ಇನ್ನು ಸಿಗ್ನಲ್ ಕಂಬಗಳಲ್ಲಿ ಯೂ ಟರ್ನ್‌ಗೆಂದೇ ಪ್ರತ್ಯೇಕ ದೀಪ ಇರುವುದು ಅಪರೂಪವಾದ್ದರಿಂದ, ನಿಷೇಧದ ಫಲಕವಿಲ್ಲದ ವೃತ್ತಗಳಲ್ಲಿ ಬಲ ತಿರುವಿನವರ ಜೊತೆಗೆ, ರಸ್ತೆ ವಿಭಜಕಕ್ಕೆ ಹತ್ತಿಕೊಂಡಿರುವ ಬಲತುದಿಯ ಪಥದಿಂದಲೇ ತಿರುಗುವುದು ರೂಢಿ. ನೇರಕ್ಕೆ ಮಾತ್ರ ಹಸಿರು ಬಾಣ ಇದ್ದು ಬಲಕ್ಕೆ ಕೆಂಪು ಇದ್ದರೆ, ನಿಷೇಧದ ಫಲಕ ಇಲ್ಲವೆಂಬ ಕಾರಣಕ್ಕೆ ಯೂ ಟರ್ನ್ ಮಾಡುವಂತಿಲ್ಲ. ಬಾಣ ತೋರಿದ ದಿಕ್ಕಿಗಷ್ಟೇ ಅನುಮತಿ.

ಈಗ ನಿಮ್ಮ ಜಗಳದ ಜಾಗಕ್ಕೆ ಬರೋಣ. ಬಲ ತಿರುವಿನ ಹಸಿರು ಬಾಣ ನಿಮಗೆ ಬಂದಾಗ ಎದುರಿನಿಂದ ನೇರವಾಗಿ ಬರುವ ವಾಹನಗಳಿಗೆ ಕೆಂಪು ಇರುತ್ತದೆ. ಹಾಗಾಗಿ ಬಲಕ್ಕೆ ತಿರುಗಿ ಅಡ್ಡರಸ್ತೆಗೆ ಹೋಗುವವರಿಗೆ ದಾರಿ ಬಹುಮಟ್ಟಿಗೆ ತೆರವಾಗಿರುತ್ತದೆ. ಯೂ ಟರ್ನ್ ಮಾಡುವವರ ಸ್ಥಿತಿ ಬೇರೆ. ಅವರು ಅಡ್ಡರಸ್ತೆಗೆ ಹೋಗದೆ, ತಾವು ಬಂದ ರಸ್ತೆಯ ಮರುಬದಿಯನ್ನು ಸೇರುತ್ತಾರೆ. ಬಲಭಾಗದ ಅಡ್ಡರಸ್ತೆಯಿಂದ ಎಡಕ್ಕೆ ತಿರುಗುವವರು ಸೇರುವುದೂ ಅದೇ ಬದಿಗೆ. ಅಂದರೆ ಇಡೀ ವೃತ್ತದಲ್ಲಿ ಫ್ರೀ ಲೆಫ್ಟ್‌ನವರೊಂದಿಗೆ ನೇರವಾಗಿ ಮುಖಾಮುಖಿಯಾಗುವುದು ಆ ಹೊತ್ತಿನಲ್ಲಿ ಯೂ ಟರ್ನ್ ಮಾಡುವ ವಾಹನವೊಂದೇ. ಆಟೊ ಚಾಲಕರ ಕಣ್ಣು ಸಾಮಾನ್ಯವಾಗಿ ಬಲಗಡೆಯಿಂದ, ಎಂದರೆ ನೇರವಾಗಿ ಬರುವ ವಾಹನಗಳ ದಿಕ್ಕಿನಲ್ಲಿರುತ್ತದೆ. ಆ ಕಡೆ ಎಲ್ಲರೂ ನಿಂತಿರುವುದನ್ನು ಕಂಡು ಅವರು ವೇಗ ತಗ್ಗಿಸದೆ ತಿರುಗುತ್ತಾರೆ. ಎಡಮುಂದಿನಿಂದ ಅರ್ಧವೃತ್ತವಾಗಿ ಬಳಸಿಕೊಂಡು ಬರುವ ಕಾರು ಅವರ ಲೆಕ್ಕದಲ್ಲಿ ಇರುವುದೇ ಇಲ್ಲ.

ಇಬ್ಬರೂ ತಮ್ಮ ತಮ್ಮ ಪಥದಲ್ಲಿ ಹೋಗಬಹುದಲ್ಲ, ಯೂ ಟರ್ನ್ ಮಾಡಿದವರು ವಿಭಜಕದ ಪಕ್ಕದ ಪಥಕ್ಕೆ, ಎಡಕ್ಕೆ ತಿರುಗಿದವರು ಪಾದಚಾರಿ ಮಾರ್ಗದ ಪಕ್ಕದ ಪಥಕ್ಕೆ ಎಂದು ನೀವು ಕೇಳಬಹುದು. ಕಾಗದದ ಮೇಲೆ ಅದು ಸರಿ, ರಸ್ತೆಯ ಅಳತೆ ಅದಕ್ಕೆ ಒಪ್ಪುವುದಿಲ್ಲ. ಸಾಮಾನ್ಯ ಸಣ್ಣ ಕಾರಿನ ಕನಿಷ್ಠ ತಿರುವು ತ್ರಿಜ್ಯ ಸುಮಾರು 5 ಮೀಟರ್. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೂ ಹೊರಗಿನ ಮುಂಚಕ್ರ 10 ಮೀಟರ್ ವ್ಯಾಸದ ವೃತ್ತವನ್ನು ಎಳೆಯುತ್ತದೆ. ತಿರುಗಲು ಶುರು ಮಾಡುವಾಗ ಆ ಎಡಚಕ್ರ ವಿಭಜಕದಿಂದ 2 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ವಿಭಜಕದ ಅಗಲ ಒಂದೂವರೆ ಮೀಟರ್ ಇರಲಿ. ಹತ್ತರಲ್ಲಿ ಈ ಮೂರೂವರೆಯನ್ನು ಕಳೆದರೆ ಉಳಿಯುವ ಆರೂವರೆ ಮೀಟರ್ ಜಾಗ ಮರುಬದಿಯ ರಸ್ತೆಯಲ್ಲಿ ಬೇಕು. ಒಂದು ಪಥದ ಅಗಲ ಮೂರೂವರೆ ಮೀಟರ್ ಎಂದಿಟ್ಟುಕೊಂಡರೆ, ಚಕ್ರ ಎರಡನೆಯ ಪಥದ ಅಂಚಿಗೆ ಹೋಗಿ ಮುಟ್ಟುತ್ತದೆ. ಬೋಳು ಗೋಡೆಯಂಥ ತೆಳುವಾದ ಕಾಂಕ್ರೀಟ್ ವಿಭಜಕವಿರುವಲ್ಲಿ ಇನ್ನೂ ಒಂದು ಮೀಟರ್ ಹೆಚ್ಚು ಬೇಕಾಗುತ್ತದೆ. ದೊಡ್ಡ ಎಸ್‌ಯುವಿಯಾದರೆ ಮೂರನೆಯ ಪಥಕ್ಕೂ ಚಾಚಿಕೊಳ್ಳುತ್ತದೆ. ಎರಡೇ ಪಥದ ರಸ್ತೆಯಲ್ಲಿ ಯೂ ಟರ್ನ್ ಮಾಡುವ ಕಾರು ಎಷ್ಟೇ ಶಿಸ್ತಿನಿಂದ ತಿರುಗಿದರೂ ಫ್ರೀ ಲೆಫ್ಟ್‌ನವರ ಪಥವನ್ನು ಒಂದು ಕ್ಷಣವಾದರೂ ಆಕ್ರಮಿಸಿಯೇ ತೀರುತ್ತದೆ. ನಿಮ್ಮ ಕಾರಿನ ಎಡಬದಿ ಉಜ್ಜಿಹೋಗಿರುವುದಕ್ಕೂ ಇದೇ ಕಾರಣವಿರಬೇಕು.

ಹಾಗಾದರೆ ಯಾರು ಕಾಯಬೇಕು? ಫ್ರೀ ಲೆಫ್ಟ್ ಎನ್ನುವುದು ಎಡಕ್ಕೆ ತಿರುಗುವ ಎಲ್ಲರಿಗೂ ಹುಟ್ಟಿನಿಂದ ಬಂದ ಹಕ್ಕಲ್ಲ. ಅಂಥ ಫಲಕವೋ ಬಾಣವೋ ಇರುವ ಕಡೆ ಕೆಂಪು ದೀಪವಿದ್ದರೂ ಎಡಕ್ಕೆ ಹೋಗಲು ಸಿಗುವ ರಿಯಾಯಿತಿ ಅದು. ರಿಯಾಯಿತಿಯ ಮೇಲೆ ಬರುವವರು ರಸ್ತೆ ದಾಟುತ್ತಿರುವ ಪಾದಚಾರಿಗಳಿಗೂ, ಹಸಿರು ದೀಪದ ಮೇಲೆ ಬರುತ್ತಿರುವ ವಾಹನಗಳಿಗೂ ದಾರಿ ಬಿಟ್ಟು ಹೋಗಬೇಕು. ಆದ್ದರಿಂದ ಮೊದಲು ನಿಲ್ಲಬೇಕಾಗಿದ್ದವರು ಆಟೊದವರೇ. ಆದರೆ ತಿರುವಿನ ಕೊನೆಯ ಭಾಗದಲ್ಲಿ, ಅಂದರೆ ವಿಭಜಕದ ಮೂಗನ್ನು ದಾಟಿ ಮರುಬದಿಗೆ ಇಳಿಯುವಾಗ, ನಡೆಯುವ ವೇಗಕ್ಕೆ ತಗ್ಗಿ ಎಡಕ್ಕೊಮ್ಮೆ ನೋಡುವುದು ನಿಮ್ಮ ಕರ್ತವ್ಯವಾಗಿತ್ತು. ವಿಮಾ ಕಂಪನಿಯ ಮುಂದೆಯಾಗಲಿ ನ್ಯಾಯಾಲಯದಲ್ಲಾಗಲಿ ಆ ಪ್ರಶ್ನೆಯನ್ನು ನಿಮಗೆ ಕೇಳಿಯೇ ಕೇಳುತ್ತಾರೆ.

ಇದಕ್ಕೆ ಸೇರಿದ ಇನ್ನೊಂದು ಮಾತನ್ನು ಯಾರೂ ಕೇಳಿಲ್ಲವಾದರೂ ಹೇಳಬೇಕು. ವೃತ್ತದ ಒಳಗೆ ಹೋಗಿ ಯೂ ಟರ್ನ್ ಮಾಡುವವರು ಒಂದೇ ಜೀಬ್ರಾ ಪಟ್ಟೆಯನ್ನು ಎರಡು ಸಲ ದಾಟುತ್ತಾರೆ, ಹೋಗುವಾಗ ಒಮ್ಮೆ, ಬಳಸಿಕೊಂಡು ಬರುವಾಗ ಇನ್ನೊಮ್ಮೆ. ಎರಡನೆಯ ಸಲ ಅಲ್ಲಿ ಜನ ಇರುವ ಸಾಧ್ಯತೆ ಹೆಚ್ಚು. ಎದುರಿನ ವಾಹನಗಳೆಲ್ಲ ನಿಂತಿವೆಯೆಂದು ಧೈರ್ಯ ಮಾಡಿ ಪಾದಚಾರಿಗಳು ರಸ್ತೆಗೆ ಇಳಿದಿರುತ್ತಾರೆ, ಅವರ ಬೆನ್ನ ಹಿಂದಿನಿಂದ ನಿಮ್ಮ ಕಾರು ತಿರುಗಿ ಬರುತ್ತದೆ.

ಪ್ರಶ್ನೆ: ನಮ್ಮ ಮನೆಯ ಹತ್ತಿರದ ಸಿಗ್ನಲ್‌ನಲ್ಲಿ ಸ್ಟಾಪ್ ಲೈನ್‌ಗಿಂತ ಸುಮಾರು ಹಿಂದೆಯೇ ಡಿವೈಡರ್ ನಡುವೆ ಯೂ ಟರ್ನ್‌ಗೆಂದು ಜಾಗ ಬಿಟ್ಟಿದ್ದಾರೆ. ಕೆಂಪು ದೀಪವಿದ್ದಾಗ ನಾನು ನಿಂತರೆ ಹಿಂದಿನವರು ಹಾರ್ನ್ ಹೊಡೆದು ‘ಹೋಗ್ರೀ’ ಎನ್ನುತ್ತಾರೆ. ಕೆಂಪಿನಲ್ಲಿ ಹೋದರೆ ಸಿಗ್ನಲ್ ಜಂಪ್ ಆಗುವುದಿಲ್ಲವೇ?
– ಓದುಗರೊಬ್ಬರು, ಬನಶಂಕರಿ

ಉತ್ತರ: ಆಗುವುದಿಲ್ಲ. ಕೆಂಪು ದೀಪದ ಆಜ್ಞೆ ಸ್ಟಾಪ್ ಲೈನ್ ದಾಟಬಾರದೆಂಬುದು. ಆ ಗೆರೆಗಿಂತ ಹಿಂದಿರುವ ತೆರಪಿನಲ್ಲಿ, ಅದು ಯೂ ಟರ್ನ್‌ಗೆಂದೇ ಬಿಟ್ಟ ಜಾಗವಾಗಿದ್ದು ನಿಷೇಧದ ಫಲಕ ಇಲ್ಲದಿದ್ದರೆ, ನೀವು ತಿರುಗಿದಾಗ ಗೆರೆಯನ್ನು ದಾಟಿದಂತಾಗುವುದೇ ಇಲ್ಲ. ನಿಷೇಧದ ಫಲಕವನ್ನು ಗುರುತಿಸುವುದು ಸುಲಭ: ಕೆಂಪು ಅಂಚಿನ ಬಿಳಿ ವೃತ್ತದಲ್ಲಿ ಬಾಗಿದ ಕಪ್ಪು ಬಾಣ, ಅದರ ಮೇಲೆ ಓರೆಯಾಗಿ ಎಳೆದ ಕೆಂಪು ಗೆರೆ.

ಆದರೆ ಹಿಂದಿನವರ ಹಾರ್ನ್ ನಿಮಗೆ ಅಪ್ಪಣೆಯಲ್ಲ. ನಿಮ್ಮ ಬದಿಗೆ ಕೆಂಪು ಇದ್ದಾಗ ಮರುಬದಿಯ ರಸ್ತೆ ಖಾಲಿ ಇರುತ್ತದೆ ಎಂದುಕೊಳ್ಳಬಾರದು. ಎದುರಿನ ನೇರ ಸಂಚಾರ, ಎಡಗಡೆಯ ಅಡ್ಡರಸ್ತೆಯಿಂದ ಬಲಕ್ಕೆ ತಿರುಗಿ ಬಂದವರು, ಬಲಗಡೆಯ ಅಡ್ಡರಸ್ತೆಯಿಂದ ಫ್ರೀ ಲೆಫ್ಟ್ ತೆಗೆದುಕೊಂಡವರು, ಹೀಗೆ ಸರದಿಯ ಮೇಲೆ ಯಾರಾದರೊಬ್ಬರು ವೃತ್ತದಿಂದ ಹೊರಬಿದ್ದು, ವೇಗ ಹೆಚ್ಚಿಸಿಕೊಳ್ಳುತ್ತಾ ನಿಮ್ಮತ್ತಲೇ ಬರುತ್ತಿರುತ್ತಾರೆ. ಅವರೆಲ್ಲರಿಗೂ ದಾರಿ ಕೊಟ್ಟು, ಮಧ್ಯೆ ಸಿಕ್ಕ ಬಿಡುವಿನಲ್ಲಿ ನೀವು ತಿರುಗಬೇಕು. ಕಾರಿನ ಮೂಗನ್ನು ಇಂಚಿಂಚಾಗಿ ಮುಂದಕ್ಕೆ ತಳ್ಳಿ ಎದುರಿನವರು ತಾವಾಗಿಯೇ ಬ್ರೇಕ್ ಹಾಕುವಂತೆ ಮಾಡುವುದು ನಮ್ಮೂರಿನಲ್ಲಿ ಜಾಣತನವೆನಿಸಿಕೊಂಡಿದೆ. ನಿಯಮದ ದೃಷ್ಟಿಯಲ್ಲಿ ಅದು ಸಂಚಾರಕ್ಕೆ ಅಡ್ಡಿ.

ತೆರಪಿನ ಮುಂದೆ ಯೂ ಟರ್ನ್ ವಾಹನಗಳ ಸಾಲು ಉದ್ದವಾಗಿ ಬೆಳೆದಿದ್ದರೆ ಎಡಪಥದಿಂದ ಮುಂದೆ ನುಗ್ಗಿ ಸಾಲಿನ ಬಾಯಲ್ಲಿ ಅಡ್ಡ ನಿಲ್ಲಬೇಡಿ. ಹಾಗೆ ಎರಡನೆಯ ಸಾಲು ಹುಟ್ಟಿದ ಕೂಡಲೇ ನೇರ ಹೋಗುವವರ ಪಥ ಕಟ್ಟಿಕೊಳ್ಳುತ್ತದೆ, ಅವರ ಹಸಿರು ವ್ಯರ್ಥವಾಗುತ್ತದೆ. ಸಾಲಿಗೆ ಸೇರಲು ತಡವಾಯಿತೆಂದಾದರೆ ನೇರ ಹೋಗಿ ಮುಂದಿನ ತೆರಪಿನಲ್ಲಿ ತಿರುಗಿ ಬನ್ನಿ. ತೆರಪಿಗೆ ಪೊಲೀಸರು ಬ್ಯಾರಿಕೇಡ್ ಅಡ್ಡ ಇಟ್ಟಿದ್ದರೆ ಅದು ಮುಚ್ಚಿದೆಯೆಂದೇ ಅರ್ಥ; ಎರಡು ಬ್ಯಾರಿಕೇಡ್‌ಗಳ ನಡುವೆ ಸ್ಕೂಟರ್ ತೂರುವಷ್ಟು ಸಂದಿ ಉಳಿದಿರುವುದು ದ್ವಿಚಕ್ರ ವಾಹನಗಳಿಗೆ ಕೊಟ್ಟ ವಿಶೇಷ ಸವಲತ್ತಲ್ಲ. ವಿಭಜಕವೇ ಇಲ್ಲದ ರಸ್ತೆಯಲ್ಲಿ ನಡುವೆ ತುಂಡಾಗದ ಅಖಂಡ ಗೆರೆ ಇದ್ದರೆ, ಅದನ್ನು ದಾಟಿ ಯೂ ಟರ್ನ್ ಮಾಡುವಂತಿಲ್ಲ.

ಪ್ರಶ್ನೆ: ಯೂ ಟರ್ನ್ ಮಾಡಿದ ನಂತರ ಸಿಗ್ನಲ್ ಜಂಪ್ ಎಂದು ಮೊಬೈಲ್‌ಗೆ ದಂಡದ ಸಂದೇಶ ಬಂದಿದೆ. ನಾನು ಗೆರೆ ದಾಟುವಾಗ ಹಳದಿ ಇತ್ತೆಂದು ನೆನಪು. ಕಟ್ಟದೆ ಬಿಡಬಹುದೇ? ಯೂ ಟರ್ನ್ ತಪ್ಪಿಗೆ ದಂಡ ಎಷ್ಟು?
– ಓದುಗರೊಬ್ಬರು, ಹೆಬ್ಬಾಳ

ಉತ್ತರ: ಬಿಡಬಾರದು. ಒಂದೋ ಕಟ್ಟಬೇಕು, ಇಲ್ಲವೇ ಆಕ್ಷೇಪಿಸಬೇಕು. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ 50 ಪ್ರಮುಖ ಜಂಕ್ಷನ್‌ಗಳಲ್ಲಿ ಕ್ಯಾಮೆರಾಗಳೇ ಉಲ್ಲಂಘನೆಯನ್ನು ಗುರುತಿಸುವ ವ್ಯವಸ್ಥೆ ಜಾರಿಗೆ ಬಂತು. ದೀಪ ಕೆಂಪಾದ ಮೇಲೆ ಸ್ಟಾಪ್ ಲೈನ್ ದಾಟಿದ ವಾಹನದ ಚಿತ್ರ ಮತ್ತು ನೋಂದಣಿ ಸಂಖ್ಯೆ ಅದರಲ್ಲಿ ದಾಖಲಾಗುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಲಾದ 167ಎ ನಿಯಮದ ಪ್ರಕಾರ ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕು, ಅದರಲ್ಲಿ ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ದಿನಾಂಕ, ಸಮಯ, ಸ್ಥಳ ಮತ್ತು ಉಲ್ಲಂಘನೆಯಾದ ಕಲಮು ಇರಬೇಕು. ಮೊದಲು ಆ ಚಿತ್ರವನ್ನು ನೋಡಿ. ದೀಪ ಕೆಂಪಾದಾಗ ನಿಮ್ಮ ಮುಂಚಕ್ರ ಇನ್ನೂ ಗೆರೆಯ ಹಿಂದೆಯೇ ಇದ್ದು, ಆಮೇಲೆ ಗೆರೆ ದಾಟಿರುವುದು ಕಂಡರೆ ನೆನಪನ್ನು ನೆಚ್ಚಿ ವಾದಿಸುವುದರಲ್ಲಿ ಹುರುಳಿಲ್ಲ. ಹಳದಿಯ ಅರ್ಥವೂ ನಿಲ್ಲಿ ಎಂದೇ. ನಿಲ್ಲಿಸಿದರೆ ಅಪಾಯವಾಗುವಷ್ಟು ಗೆರೆಗೆ ಸಮೀಪ ಬಂದುಬಿಟ್ಟವರಿಗೆ ಮಾತ್ರ ಮುಂದೆ ಹೋಗಲು ಅವಕಾಶ. ಬದಲಿಗೆ, ನೀವು ಗೆರೆಗಿಂತ ಹಿಂದಿನ ತೆರಪಿನಲ್ಲೇ ತಿರುಗಿರುವುದು ಚಿತ್ರದಲ್ಲಿ ಕಂಡರೆ, ಆಕ್ಷೇಪಿಸಲು ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಬೇರೆಯವರು ವಾಹನ ಓಡಿಸುತ್ತಿದ್ದರೆ ಅವರ ವಿವರ ತಿಳಿಸುವುದು ಮಾಲೀಕರ ಹೊಣೆ.

ದಂಡ ತಪ್ಪಿನ ಬಗೆಯನ್ನು ಅವಲಂಬಿಸಿದೆ. ಚಾಲನಾ ನಿಯಮಾವಳಿಯ ಉಲ್ಲಂಘನೆಗೆ, 2019ರ ತಿದ್ದುಪಡಿಯಲ್ಲಿ ಬಂದ 177ಎ ಕಲಮಿನಡಿ ₹500ರಿಂದ ₹1,000ದವರೆಗೆ ದಂಡವಿದೆ. ಕೆಂಪು ದೀಪ ಹಾರುವುದು 184ನೇ ಕಲಮಿನ ಅಪಾಯಕಾರಿ ಚಾಲನೆಯ ವಿವರಣೆಯೊಳಗೆ ಬರುತ್ತದೆ. ಅದರಡಿ ಮೊಕದ್ದಮೆಯಾದರೆ ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ ₹1,000ದಿಂದ ₹5,000ದವರೆಗೆ ದಂಡ, ಅಥವಾ ಎರಡೂ. ಸ್ಥಳದಲ್ಲಿ ಅಥವಾ ನೋಟಿಸ್ ಮೂಲಕ ವಸೂಲಾಗುವ ಮೊತ್ತವನ್ನು ನಿಗದಿ ಮಾಡುವುದು ರಾಜ್ಯ ಸರ್ಕಾರ. ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲಿ ಹಲವು ದಂಡಗಳನ್ನು ಇಳಿಸಿತು. ಬಾಕಿ ದಂಡಕ್ಕೆ 2023ರ ಫೆಬ್ರುವರಿಯಲ್ಲಿ ಅರ್ಧದಷ್ಟು ರಿಯಾಯಿತಿ ಸಿಕ್ಕಿತ್ತೆಂಬ ನೆನಪಿನಲ್ಲಿ ಕಟ್ಟದೆ ಕಾಯುವವರು ಸಾಕಷ್ಟಿದ್ದಾರೆ. ಮುಂದಿನ ರಿಯಾಯಿತಿಗೆ ಕಾಯುತ್ತಾ ಕೂತವರಿಗೆ ನಡುವೆ ನ್ಯಾಯಾಲಯದ ಸಮನ್ಸ್ ಬಂದರೆ ಅಚ್ಚರಿಪಡಬೇಕಿಲ್ಲ.

ಪ್ರಶ್ನೆ: ಹೊರವರ್ತುಲ ರಸ್ತೆಯಂಥ ಕಡೆ ಹಲವು ಜಂಕ್ಷನ್‌ಗಳಲ್ಲಿ ಬಲ ತಿರುವನ್ನೇ ಮುಚ್ಚಿ ‘ಮುಂದೆ ಹೋಗಿ ಯೂ ಟರ್ನ್ ಮಾಡಿ’ ಎನ್ನುತ್ತಾರೆ. ಎದುರಿಗೇ ಕಾಣುವ ಅಂಗಡಿಗೆ ಹೋಗಲು ಇಷ್ಟು ಸುತ್ತಬೇಕೇ? ಇದರಿಂದ ಯಾರಿಗೆ ಲಾಭ?
– ಓದುಗರೊಬ್ಬರು, ಮಾರತ್‌ಹಳ್ಳಿ

ಉತ್ತರ: ನೇರ ಹೋಗುವವರಿಗೆ ಲಾಭ, ಬಲಕ್ಕೆ ಹೋಗಬೇಕಾದವರಿಗೆ ನಷ್ಟ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ಎಲ್ಲ ಬಲ ತಿರುವುಗಳಿಗೂ ಅವಕಾಶ ಕೊಡಬೇಕಾದರೆ ಸಾಮಾನ್ಯವಾಗಿ ಒಂದೊಂದು ರಸ್ತೆಗೂ ಪ್ರತ್ಯೇಕ ಸರದಿ ಬೇಕಾಗುತ್ತದೆ. ಎರಡು ನಿಮಿಷದ ಒಂದು ಸುತ್ತಿನಲ್ಲಿ ನಾಲ್ಕು ಸರದಿಗಳಿದ್ದು, ಒಂದೊಂದು ಸರದಿ ಬದಲಾಗುವಾಗ ಹಳದಿಗೂ ಎಲ್ಲ ಕಡೆ ಕೆಂಪು ಇರುವ ಹೊತ್ತಿಗೂ ಸೇರಿ 5 ಸೆಕೆಂಡ್ ಹೋದರೆ, 20 ಸೆಕೆಂಡ್ ಯಾರಿಗೂ ದಕ್ಕದೆ ಕಳೆದು, ಒಬ್ಬೊಬ್ಬರಿಗೆ 25 ಸೆಕೆಂಡ್ ಹಸಿರು ಉಳಿಯುತ್ತದೆ. ಬಲ ತಿರುವು ಮುಚ್ಚಿ ಎರಡೇ ಸರದಿ ಮಾಡಿದರೆ ಕಳೆಯುವುದು 10 ಸೆಕೆಂಡ್ ಮಾತ್ರ, ಒಂದೊಂದು ಸರದಿಗೆ 55 ಸೆಕೆಂಡ್ ಹಸಿರು ಸಿಗುತ್ತದೆ. ಸಿಗ್ನಲನ್ನೇ ತೆಗೆದುಬಿಟ್ಟರೆ ಇನ್ನೂ ಹೆಚ್ಚು.

ಆದರೆ ಬಲಕ್ಕೆ ಹೋಗಬೇಕಾದವರು ಮಾಯವಾಗುವುದಿಲ್ಲ, ಮುಂದಿನ ಯೂ ಟರ್ನ್ ತೆರಪಿನಲ್ಲಿ ಬಂದು ಸೇರುತ್ತಾರೆ. ಅಲ್ಲಿ ತಿರುಗುವ ವಾಹನಗಳು ನಿಲ್ಲಲು ಪ್ರತ್ಯೇಕ ಪಥವಿದ್ದು, ಮರುಬದಿಯ ರಸ್ತೆ ಸಾಕಷ್ಟು ಅಗಲವಾಗಿದ್ದರೆ ವ್ಯವಸ್ಥೆ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ವೃತ್ತದ ದಟ್ಟಣೆ ಅಷ್ಟು ದೂರ ಸರಿದು ಕೂರುತ್ತದೆ. 12 ಮೀಟರ್ ಉದ್ದದ ಬಸ್ಸಿಗೆ ಸುಮಾರು 12 ಮೀಟರ್ ತಿರುವು ತ್ರಿಜ್ಯ ಬೇಕು. ಮೂರು ಪಥದ ರಸ್ತೆಯಲ್ಲಿ ಒಂದೇ ಎಳೆತಕ್ಕೆ ಅದು ತಿರುಗಲಾರದೆ ಹಿಂದೆ ಮುಂದೆ ಸರಿಯುವಾಗ ಎರಡೂ ಬದಿಯ ಸಂಚಾರ ನಿಂತುಬಿಡುವುದನ್ನು ನೀವೂ ನೋಡಿರಬಹುದು. ತೆರಪುಗಳ ನಡುವಿನ ಅಂತರವನ್ನು ಅತಿಯಾಗಿ ಬೆಳೆಸಿದರೆ ಜನ ಎದುರು ದಿಕ್ಕಿನಲ್ಲಿ ಬರಲು ತೊಡಗುತ್ತಾರೆ, ವಿಶೇಷವಾಗಿ ಡೆಲಿವರಿಗೆ ಹೋಗುವ ಸವಾರರು. ಅವರ ಅವಸರಕ್ಕೆ ಕಾರಣವಿದೆಯೆಂದು ಒಪ್ಪಬಹುದು, ಅದು ಕಾನೂನಿನ ಮುಂದೆ ಸಬೂಬಾಗುವುದಿಲ್ಲ. ನಿಗದಿತ ದಿಕ್ಕಿಗೆ ವಿರುದ್ಧವಾಗಿ ಓಡಿಸುವುದೂ 184ನೇ ಕಲಮಿನಲ್ಲೇ ಬರುತ್ತದೆ. ಅಜಾಗರೂಕ ಚಾಲನೆಯೆಂದು ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಡಿ ಮೊಕದ್ದಮೆಯಾದರೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಬಲ ತಿರುವು ಮುಚ್ಚುವವರು ಯೂ ಟರ್ನ್ ಜಾಗವನ್ನೂ ಅದೇ ದಿನ ಸರಿಮಾಡಿಕೊಡಬೇಕೆಂಬ ನಿಮ್ಮಂಥ ನಿವಾಸಿಗಳ ಒತ್ತಾಯ ನ್ಯಾಯವಾದುದೇ.

ಪ್ರಶ್ನೆ: ರಾತ್ರಿ ಸಿಗ್ನಲ್ ಬರೀ ಹಳದಿ ಮಿನುಗುತ್ತಿರುತ್ತದೆ. ಆಗ ಯೂ ಟರ್ನ್ ಮಾಡಬಹುದೇ?
– ಓದುಗರೊಬ್ಬರು, ಯಲಹಂಕ

ಉತ್ತರ: ನಿಷೇಧದ ಫಲಕ ಇಲ್ಲದಿದ್ದರೆ ಮಾಡಬಹುದು. ಮಿನುಗುವ ಹಳದಿ ಎಂದರೆ ವೇಗ ತಗ್ಗಿಸಿ, ಎಚ್ಚರದಿಂದ ಸಾಗಿ ಎಂದರ್ಥ. ಮಿನುಗುವ ಕೆಂಪಾದರೆ ಪೂರ್ತಿ ನಿಂತು, ನೋಡಿ, ಆಮೇಲೆ ಹೋಗಬೇಕು. ಹಗಲಿನಲ್ಲಿ ಫಲಕ ನಿಷೇಧಿಸಿದ ಯೂ ಟರ್ನ್ ರಾತ್ರಿಯೂ ನಿಷಿದ್ಧವೇ. ಫಲಕದಲ್ಲೇ ಸಮಯ ಬರೆದಿದ್ದರೆ ಮಾತ್ರ ಆ ಸಮಯಕ್ಕೆ ಸೀಮಿತ.

ಪ್ರಶ್ನೆ: ಯೂ ಟರ್ನ್ ನಿಷೇಧದ ಫಲಕದ ಕೆಳಗೇ ನಿಂತಿದ್ದ ಸಂಚಾರ ಪೊಲೀಸರು ಕೈ ಬೀಸಿ ತಿರುಗಿಕೊಂಡು ಹೋಗಲು ಹೇಳಿದರು. ಹೋದೆ. ಮುಂದೆ ಕ್ಯಾಮೆರಾ ಇದ್ದರೆ?
– ಓದುಗರೊಬ್ಬರು, ಮೈಸೂರು ರಸ್ತೆ

ಉತ್ತರ: ಸಮವಸ್ತ್ರದಲ್ಲಿದ್ದು ಸಂಚಾರ ನಿಯಂತ್ರಿಸುತ್ತಿರುವ ಪೊಲೀಸರ ನಿರ್ದೇಶನಕ್ಕೆ ದೀಪ ಮತ್ತು ಫಲಕಗಳಿಗಿಂತ ಹೆಚ್ಚಿನ ಮಾನ್ಯತೆಯಿದೆ. ನೀವು ಮಾಡಿದ್ದು ಸರಿ. ಅದರ ಮೇಲೂ ನೋಟಿಸ್ ಬಂದರೆ ಸ್ಥಳ, ಸಮಯ ಮತ್ತು ಅಲ್ಲಿ ಪೊಲೀಸರೇ ಸಂಚಾರವನ್ನು ತಿರುಗಿಸುತ್ತಿದ್ದ ಸಂಗತಿಯನ್ನು ತಿಳಿಸಿ ಆಕ್ಷೇಪಣೆ ಸಲ್ಲಿಸಿ. ನಿಮ್ಮ ಹಿಂದೆ ಮುಂದೆ ತಿರುಗಿದ ವಾಹನಗಳೂ ಆ ಚಿತ್ರದಲ್ಲಿ ಇರುತ್ತವೆ.